ಹತ್ತು ಸೆಂಟು ಕೊಸರು

ಮಳೆಯ ವಿಷಯದಲ್ಲಿ ಗುಡ್ಡದ ಮೇಲಿನ ಮನೆಯ ಅಕ್ಕ ಒಂದು ದಿನವೂ ನಿಜ ಹೇಳಿದವರಲ್ಲ. ಬೇರೆ ವಿಷಯಗಳಲ್ಲೂ ಅಷ್ಟಾಗಿ ಹೇಳುತ್ತಿರಲಿಲ್ಲ ಅನ್ನಿ, ಆದರೆ ಅದು ನನಗೆ ಸಂಬಂಧಪಟ್ಟದ್ದಲ್ಲ. ಮಳೆ ಮಾತ್ರ ನನಗೆ ಸಂಬಂಧಪಟ್ಟದ್ದು. ಮಲ್ಲಂದೂರಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವನು ನಾನು. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವ ಮೊದಲು ಮಳೆ ಗೇಜಿನ ಮುಂದೆ ಬಗ್ಗಿ, ಒಳಗಿನ ಬಾಟಲಿಯ ನೀರನ್ನು ಅಳತೆ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸವಾಗಿತ್ತು. ಕೆಲಸ ಬಿಟ್ಟ ಮೇಲೂ ಚಟ ಬಿಡಲಿಲ್ಲ. ಈಗ ನನ್ನ ಎರಡು ಎಕರೆಗೂ ಒಂದು ಗೇಜು ಇದೆ.

ನಮ್ಮ ಕಡೆ ಮಳೆಯನ್ನು ಇಂಚು, ಸೆಂಟಿನಲ್ಲಿ ಅಳೆಯುತ್ತೇವೆ. ನೂರು ಸೆಂಟು ಸೇರಿದರೆ ಒಂದು ಇಂಚು. ಬೇಸಿಗೆಯ ಮೊದಲ ಹೂಮಳೆ ಬಿದ್ದ ಮರುದಿನ ಬೆಳಿಗ್ಗೆ ತೋಟದವರು ಕಾಫಿ ಕುಡಿಯುವ ಮೊದಲು ಫೋನ್ ಹಿಡಿಯುತ್ತಾರೆ. "ನಿಮ್ಮಲ್ಲಿ ಎಷ್ಟು?" ಇಂಚು ಬಂದಿದ್ದರೆ ಗಿಡದಲ್ಲಿರುವ ಮೊಗ್ಗೆಲ್ಲ ಅರಳುತ್ತದೆ, ಮೂವತ್ತು ಸೆಂಟು ಬಂದಿದ್ದರೆ ಅರೆಬರೆ ಅರಳಿ ಕೆಟ್ಟುಹೋಗುತ್ತದೆ. ಕುಶಲ ವಿಚಾರಿಸುವುದು, ಹೊಟ್ಟೆಕಿಚ್ಚು ಪಡುವುದು, ಸಮಾಧಾನ ಹೇಳುವುದು ಎಲ್ಲ ಆ ಫೋನಿನಲ್ಲೇ ಆಗಿಹೋಗುತ್ತದೆ. ಮಳೆ ಬಂದ ಮರುದಿನವೂ ಯಾರದೂ ಫೋನ್ ಬಾರದ ಮನೆಯಿದ್ದರೆ, ಆ ಮನೆಯವರು ಊರಿನಲ್ಲಿದ್ದೂ ಇಲ್ಲದವರು ಎಂದೇ ಅರ್ಥ.

ನಾನು ಅವರ ಮನೆಗೆ ಫೋನ್ ಮಾಡಿದರೆ ಎತ್ತುವುದು ಅವರೇ. "ಒಂದ್ ಇಂಚು ಹತ್ತು ರೈಟ್ರೇ! ನಿಮ್ಮಲ್ಲಿ ಎಷ್ಟು? ತೊಂಬತ್ತೆಂಟಾ? ಅಯ್ಯೋ ಪಾಪ." ಅರ್ಧ ಗಂಟೆ ಬಿಟ್ಟು ನಾನು ರಸ್ತೆಗೆ ಇಳಿದರೆ ಅವರ ಗಂಡ ಎದುರಾಗುತ್ತಿದ್ದರು. "ಭಾವ, ನಿಮ್ಮಲ್ಲಿ ಎಷ್ಟು?" ಎಂದರೆ ಆ ಮನುಷ್ಯ ಜೇಬಿನಿಂದ ಸಣ್ಣ ಪುಸ್ತಕ ತೆಗೆದು, ಕನ್ನಡಕ ಹಾಕಿಕೊಂಡು, "ಒಂದು ಇಂಚು" ಎನ್ನುತ್ತಿದ್ದರು. ಒಂದೇ ಮನೆ, ಒಂದೇ ಗೇಜು, ಎರಡು ಮಳೆ. ನಾನು ಇದನ್ನು ಸುಮ್ಮನೆ ಬಿಡುವವನಲ್ಲ. ಮೇಲೆ ಹತ್ತಿಹೋಗಿ ಕೇಳಿದೆ.

"ಅವರದು ಗೇಜಿನ ಮಳೆ, ನಂದು ಒಟ್ಟು ಮಳೆ. ಎಲೆ ಮೇಲೆ ನಿಂತಿದ್ದನ್ನ ಯಾರ್ ಅಳೀತಾರೆ ಹೇಳಿ?" ಎಂದರು.

ಅವರು ನಮ್ಮೂರ ಗೌಡರ ಮನೆಯ ಹಿರಿಮಗಳು. ಶಾಲೆಯಲ್ಲಿ ನನಗಿಂತ ಎರಡು ಕ್ಲಾಸು ಮುಂದೆ, ಹಾಗಾಗಿ ನನಗೆ ಅಕ್ಕ. ನಾನು ರೈಟರ್ ಆದ ಮೇಲೆ ನನ್ನನ್ನು ಬೇಕೆಂದೇ ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ನರ್ಸಿಂಗ್ ಓದಿ, ಮಂಗಳೂರಿನಲ್ಲಿ ಸ್ವಲ್ಪ ವರ್ಷವಿದ್ದು, ಆಮೇಲೆ ಐರ್ಲೆಂಡಿಗೆ ಹೋದರು. ಅಲ್ಲಿನ ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದವರನ್ನೇ ಮದುವೆಯಾದರು. ಮಕ್ಕಳಾಗಲಿಲ್ಲ. ಇಬ್ಬರೂ ಕೆಲಸ ಬಿಟ್ಟ ಮೇಲೆ, ಒಂಬತ್ತು ವರ್ಷದ ಹಿಂದೆ, ಗಂಡನನ್ನು ಕರೆದುಕೊಂಡು ಊರಿಗೆ ಬಂದುಬಿಟ್ಟರು. ಅವರ ಅಪ್ಪ ತೀರಿಕೊಳ್ಳುವ ಮೊದಲು ಗುಡ್ಡದ ಮೇಲಿನ ನಾಲ್ಕು ಎಕರೆ ಕಾಫಿಯನ್ನು ಮಗಳ ಹೆಸರಿಗೆ ಬರೆದಿಟ್ಟಿದ್ದರು. ಅಲ್ಲೇ ಒಂದು ಸಣ್ಣ ಮನೆ ಕಟ್ಟಿಸಿಕೊಂಡರು.

ಬಂದ ಹೊಸತರಲ್ಲಿ ನೋಡಲು ಬರುವ ನೆಂಟರಿಗೆ ಕೊನೆಯೇ ಇರಲಿಲ್ಲ. "ಅಲ್ಲಿಂದ ಎಂತ ತಂದೆ ಮಾರಾಯ್ತಿ?" ಎಂದು ಒಬ್ಬರು ಕೇಳಿದ್ದಕ್ಕೆ ಗಂಡನ ಭುಜ ತಟ್ಟಿ, "ಇಗಾ, ಇವರನ್ನ ತಂದೆ. ಇವರ ತೂಕವೇ ಜಾಸ್ತಿ ಆಯ್ತು. ಬೇರೆ ಎಂತದೂ ತರೋಕೆ ಬಿಡ್ಲಿಲ್ಲ" ಎಂದಿದ್ದರು.

ಆ ದಿನಗಳಲ್ಲಿ ಭಾವನಿಗೆ ಕನ್ನಡ ಬರುತ್ತಿರಲಿಲ್ಲ. ನಡುವೆ ನಿಂತು ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಹೇಳುವ ಕೆಲಸ ಅಕ್ಕನದು. ಇಷ್ಟು ಕೆಟ್ಟ ದುಭಾಷಿಯನ್ನು ನಾನು ಕಂಡಿಲ್ಲ. ಒಮ್ಮೆ ಅವರ ಸೋದರತ್ತೆ ಬಂದು, ಭಾವನ ಮುಖವನ್ನು ತುಂಬ ಹೊತ್ತು ನೋಡಿ, "ಎಂತ ಇಷ್ಟು ಕೆಂಪಾಗಿದಾರೆ? ಜ್ವರ ಗಿರ ಬಂದಿದೆಯಾ?" ಎಂದರು. ಇವರು ಗಂಡನ ಕಡೆ ತಿರುಗಿ, ನಮ್ಮ ವಂಶದಲ್ಲೇ ಇಷ್ಟು ಲಕ್ಷಣವಾದ ಅಳಿಯ ಬಂದಿರಲಿಲ್ಲ ಎನ್ನುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಪಾಪ, ಆ ಮನುಷ್ಯ ತಟ್ಟನೆ ಎದ್ದು ನಿಂತು ಅತ್ತೆಗೆ ಕೈಮುಗಿದರು. ಅತ್ತೆಗೆ ಕಣ್ಣಲ್ಲಿ ನೀರೇ ಬಂತು. "ಜ್ವರದಲ್ಲೂ ಎದ್ದು ನಿಂತ್ರು ನೋಡು. ಎಂಥಾ ಒಳ್ಳೆ ಮನುಷ್ಯ!" ಎಂದರು.

ನಮ್ಮ ಮನೆಯಲ್ಲೂ ಹಾಗೇ ಆಯಿತು. ಕಾಫಿಗೆ ಸಕ್ಕರೆ ಸ್ವಲ್ಪ ಹೆಚ್ಚಾಗಿದೆ ಎಂದು ಭಾವ ಹೆಂಡತಿಯ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಇವರು ನನ್ನ ಹೆಂಡತಿಗೆ ಹೇಳಿದ್ದು ಬೇರೆ: "ಇಂಥ ಕಾಫಿ ಎಲ್ಲೂ ಕುಡಿದಿಲ್ಲ ಅಂತಿದಾರೆ. ಇನ್ನರ್ಧ ಲೋಟ ಸಿಗುತ್ತಾ ಅಂತ ಕೇಳ್ತಿದಾರೆ." ಅಂದಿನಿಂದ ನಮ್ಮ ಮನೆಯಲ್ಲಿ ಭಾವನಿಗೆ ಒಂದೂವರೆ ಲೋಟ ಕಾಯಂ ಆಯಿತು. ಒಂಬತ್ತು ವರ್ಷ ಕುಡಿದಿದ್ದಾರೆ.

ನನಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತದಲ್ಲ, ಹೊರಗೆ ಬಂದಾಗ ಅಕ್ಕನನ್ನು ತಡೆದು ಕೇಳಿದೆ. ಎದುರಿನವರು ಜೋರಾಗಿ ಮಾತಾಡಿದರೆ ಅವರ ಮಣಿಕಟ್ಟು ಹಿಡಿದು ನಾಡಿ ನೋಡುವುದು ಇವರ ಅಭ್ಯಾಸ. ನನ್ನದನ್ನೂ ಹಿಡಿದರು.

"ಇದ್ದಿದ್ದು ಇದ್ದಂಗೇ ಹೇಳ್ತಾ ಕೂತ್ರೆ ಇವರನ್ನ ಯಾರು ಹತ್ರ ಸೇರಿಸ್ತಾರೆ ರೈಟ್ರೇ? ಸಂತೇಲಿ ಅಳೆದ ಮೇಲೆ ಒಂದ್ ಹಿಡಿ ಕೊಸರು ಹಾಕಲ್ವಾ? ನಾನೂ ಹಂಗೆ ಸ್ವಲ್ಪ ಕೊಸರು ಹಾಕ್ತೀನಿ, ಅಷ್ಟೇ. ನಿಮ್ಮ ನಾಡಿ ಜೋರಾಗಿ ಓಡ್ತಿದೆ, ಮನೆಗೆ ಹೋಗಿ ಮಲಗಿ. ನೆಕ್ಸ್ಟ್ ಪೇಷೆಂಟ್!"

ಈ "ನೆಕ್ಸ್ಟ್ ಪೇಷೆಂಟ್" ಬಂತೆಂದರೆ ವಾದ ಮುಗಿಯಿತು ಎಂದೇ. ಪಂಚಾಯಿತಿಯ ನಲ್ಲಿ ನೀರಿನ ಜಗಳದಲ್ಲೂ, ಆಲ್ದೂರಿನ ಅಂಗಡಿಯಲ್ಲಿ ಛತ್ರಿ ಚೌಕಾಸಿ ಮಾಡುವಾಗಲೂ ಇದೇ ಮಾತು. ಇನ್ನೊಬ್ಬರು ಬಾಯಿ ತೆರೆಯುವಷ್ಟರಲ್ಲಿ ಅವರು ಹೊರಟಿರುತ್ತಿದ್ದರು.

ಭಾವ ಬೇಗ ಊರಿಗೆ ಹೊಂದಿಕೊಂಡರು. ಆಳುಗಳ ಜೊತೆ ಸೇರಿ ಕನ್ನಡ ಕಲಿತರು, ನೆರಳಿನ ಮರಗಳ ಕೊಂಬೆ ಸವರುವ ಮರಗಸಿ ಕೆಲಸವನ್ನೂ ಕಲಿತರು. ಯಾರಿಗಾದರೂ ಹುಷಾರಿಲ್ಲ ಎಂದರೆ ಜೀಪು ತೆಗೆದುಕೊಂಡು ಹೊರಡುವುದು ಅವರೇ. ಹಳೆಯ ಕಸುಬು, ತಿರುವುಗಳಲ್ಲಿ ರೋಗಿಗೆ ಗೊತ್ತೇ ಆಗದ ಹಾಗೆ ಓಡಿಸುತ್ತಿದ್ದರು. ಚಿಕ್ಕವರು ದೊಡ್ಡವರು ಎಲ್ಲ ಭಾವ ಎಂದೇ ಕರೆಯತೊಡಗಿದರು. ಊರಿಗೆಲ್ಲ ಭಾವ, ಸ್ವಂತ ಭಾಮೈದನೊಬ್ಬನಿಗೆ ಬಿಟ್ಟು.

ಭಾಮೈದ ಎಂದರೆ ಅಕ್ಕನ ಒಬ್ಬನೇ ತಮ್ಮ. ಗುಡ್ಡದ ಕೆಳಗಿನ ಹಳೇ ಮನೆಯಲ್ಲಿ ಇರುವವನು. ಅಕ್ಕ ಅಲ್ಲಿ ಮದುವೆಯಾದ ಸುದ್ದಿ ಬಂದಾಗ ಇವನಿಗೆ ಕಳಸದ ಕಡೆಯಿಂದ ಹೆಣ್ಣು ಗೊತ್ತಾಗಿತ್ತು. ಆ ಸಂಬಂಧ ಮುರಿದುಬಿತ್ತು. ಆಮೇಲೆ ಬೇರೆ ಒಳ್ಳೆಯ ಹುಡುಗಿಯೇ ಸಿಕ್ಕಳು, ಅದಲ್ಲ ಮುಖ್ಯ. ಒಂದು ಮಾತು ತನಗೆ ಹೇಳದೆ ಮದುವೆಯಾದಳಲ್ಲ ಎನ್ನುವುದು ಅವನ ನೋವು. ಕೆಟ್ಟವನಲ್ಲ. ಅಕ್ಕ ಬರುವಾಗ ಆ ನಾಲ್ಕು ಎಕರೆಯ ಕಳೆ ತೆಗೆಸಿ, ಗಿಡ ಸವರಿಸಿ, ನೀರಿನ ಪೈಪನ್ನೂ ಎಳೆಸಿಟ್ಟಿದ್ದ. ಗೃಹಪ್ರವೇಶಕ್ಕೆ ಎರಡು ಗೊನೆ ಬಾಳೆಹಣ್ಣು ಕಳಿಸಿದ, ತಾನು ಬರಲಿಲ್ಲ. ತೋಟ ಸರಿಮಾಡಿ ಕೊಟ್ಟ, ನೀರು ಕೊಟ್ಟ, ಮಾತು ಮಾತ್ರ ಕೊಡಲಿಲ್ಲ. ದಾರಿಯಲ್ಲಿ ಭಾವ ಎದುರಾದರೆ ಪಕ್ಕದ ಮರದ ಮೆಣಸಿನ ಬಳ್ಳಿ ನೋಡುತ್ತ ನಿಲ್ಲುತ್ತಿದ್ದ.

ಈ ಒಂದು ವಿಷಯದಲ್ಲಿ ಅಕ್ಕ ತಮಾಷೆ ಮಾಡಿದ್ದಿಲ್ಲ. "ನನ್ನ ಹತ್ರ ಮಾತಾಡ್ದೇ ಇದ್ರೂ ಇರಲಿ. ಇವರನ್ನ ಒಂದ್ಸಲ ಭಾವ ಅಂತ ಕರೀಲಿ. ನಾಳೆ ನಾನಿಲ್ಲ ಅಂದ್ರೆ ಈ ಊರಲ್ಲಿ ಇವರು ಯಾರು? ಎಲ್ಲಾ ಬಿಟ್ಟು ನನ್ನ ಹಿಂದೆ ಬಂದಿದಾರೆ" ಎಂದು ಒಂದು ದಿನ ನನ್ನ ಹತ್ತಿರ ಹೇಳಿಕೊಂಡರು. ಮಣಿಕಟ್ಟು ಹಿಡಿಯಲಿಲ್ಲ, ನೆಕ್ಸ್ಟ್ ಪೇಷೆಂಟ್ ಎನ್ನಲಿಲ್ಲ.

ಮಳೆಯ ಮರುದಿನ ತಮ್ಮನೂ ನನಗೆ ಫೋನ್ ಮಾಡುತ್ತಿದ್ದ. ನನ್ನ ಮಳೆ ಕೇಳಿ, ತನ್ನ ಮಳೆ ಹೇಳಿ, ಒಂದು ಸಲ ಕೆಮ್ಮಿ, "ಮೇಲಿನ ಮನೇಲಿ?" ಎನ್ನುತ್ತಿದ್ದ. ಅಕ್ಕ ಫೋನಿಡುವ ಮೊದಲು, "ಕೆಳಗೆ?" ಎನ್ನುತ್ತಿದ್ದರು. ಅವರು ಊರಿಗೆ ಬಂದ ಮೊದಲ ಮೂರು ವರ್ಷ ಆ ಎರಡು ಮನೆಗಳ ನಡುವೆ ಓಡಾಡಿದ್ದು ಇಷ್ಟೇ ಮಾತು, ಅದೂ ನನ್ನ ಬಾಯಿಂದ.

ಈಗ ಹಲಸಿನ ಕೊಂಬೆಯ ವಿಷಯ. ತಮ್ಮನ ಮನೆಯಲ್ಲಿ ಯಾವಾಗಲೂ ಮಳೆ ಕಡಿಮೆ. ನಮಗೆ ತೊಂಬತ್ತಾದರೆ ಅವನಿಗೆ ಅರವತ್ತು. ಅದಕ್ಕೆ ಅವನದೇ ಒಂದು ಸಿದ್ಧಾಂತವಿತ್ತು. ಎದುರಿನ ಗುಡ್ಡ ಮೋಡವನ್ನು ತಡೆದು ಆಲ್ದೂರಿನ ಕಡೆ ತಿರುಗಿಸುತ್ತದಂತೆ. ನಿಜ ಏನೆಂದರೆ, ಅವನ ಅಪ್ಪ ಕಾಫಿ ಕಣದ ಮೂಲೆಯಲ್ಲಿ ನೆಟ್ಟ ಗೇಜಿನ ಮೇಲೆ ಹಲಸಿನ ಮರದ ಕೊಂಬೆಯೊಂದು ವರ್ಷ ವರ್ಷವೂ ಬೆಳೆದು ಛತ್ರಿ ಹಿಡಿದಂತೆ ಬಾಗಿತ್ತು. ಊರಿಗೆಲ್ಲ ಇದು ಗೊತ್ತು. ಗೇಜಿನ ಮೇಲೆ ಎಲೆಯ ನೆರಳೂ ಇರಬಾರದು ಎಂದು ಬಲ್ಲ ನನಗಂತೂ ಚೆನ್ನಾಗಿ ಗೊತ್ತು. ಆದರೆ ಹೇಳುವವರು ಯಾರು? ಅಪ್ಪ ನೆಟ್ಟ ಗೇಜು, ಅಜ್ಜ ನೆಟ್ಟ ಹಲಸು. ಹೇಳಿ ಅವನು ಬೇಜಾರು ಮಾಡಿಕೊಂಡರೆ? ನಾವೆಲ್ಲ ಗುಡ್ಡವನ್ನು ನೋಡಿ, "ಹೌದು ಮಾರಾಯ, ಮೋಡ ಆ ಕಡೆಗೇ ಹೋಗುತ್ತೆ" ಎಂದುಕೊಂಡು ಬಂದಿದ್ದೆವು.

ಭಾವನಿಗೆ ನಮ್ಮ ಈ ಮರ್ಯಾದೆ ಗೊತ್ತಿರಲಿಲ್ಲ. ತಮ್ಮ ಪುಸ್ತಕದಲ್ಲಿ ಕೆಳಗಿನ ಮನೆಯ ಮಳೆಯನ್ನೂ ಬರೆದಿಡುತ್ತಿದ್ದ ಅವರು ಒಂದು ದಿನ ನನ್ನನ್ನು ಕೇಳಿದರು: "ನಾನೂರು ಮೀಟರ್ ದೂರ. ಪ್ರತೀ ಸಲ ಮೂವತ್ತು ಸೆಂಟು ಕಮ್ಮಿ. ಹೇಗೆ?" ನಾನು ಗುಡ್ಡ ತೋರಿಸಿದೆ. ಅವರು ಗುಡ್ಡ ನೋಡಿದರು, ನನ್ನನ್ನು ನೋಡಿದರು. ಅಕ್ಕ ಬಾಗಿಲಲ್ಲಿ ನಿಂತು, "ಹೋಗಿ ನೋಡ್ಕೊಂಡು ಬನ್ನಿ. ರೈಟ್ರೂ ಬರ್ತಾರೆ" ಎಂದರು. ತಾವು ಹುಟ್ಟಿ ಬೆಳೆದ ಮನೆಯ ಹಲಸಿನ ಕೊಂಬೆ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ ಎಂದರೆ ನಾನು ಇವತ್ತಿಗೂ ನಂಬುವುದಿಲ್ಲ.

ಹೋದಾಗ ಕೆಳಗಿನ ಮನೆಯಲ್ಲಿ ತಮ್ಮನಿರಲಿಲ್ಲ. ಭಾವ ಗೇಜು ನೋಡಿದರು, ತಲೆ ಎತ್ತಿದರು, "ಓಹ್" ಎಂದರು. ರಕ್ತ ಸುರಿಯುತ್ತಿರುವವನನ್ನು ಕಂಡರೆ ಅನುಮತಿ ಕೇಳಿ ಕಟ್ಟು ಹಾಕುವ ಪದ್ಧತಿ ಅವರ ಕಸುಬಿನಲ್ಲಿ ಇರಲಿಲ್ಲವೋ ಏನೋ. ಗೋಡೆಗೆ ಒರಗಿಸಿದ್ದ ಏಣಿ ತಂದರು, ಗರಗಸ ತಂದರು, ಹತ್ತಿದರು. ನಾನು ಬೇಡ ಎಂದೆನೇ? ಹೌದು, ಎಂದೆ. ಆದರೆ ಏಣಿ ಹಿಡಿದುಕೊಂಡೇ ಎಂದೆ.

ಕೊಂಬೆ ಹತ್ತು ಹನ್ನೆರಡು ಎಳೆ ಹಲಸಿನಕಾಯಿಗಳ ಸಮೇತ ಕಣಕ್ಕೆ ಬೀಳುವುದಕ್ಕೂ ತಮ್ಮನ ಜೀಪು ಗೇಟಿನೊಳಗೆ ಬರುವುದಕ್ಕೂ ಸರಿಹೋಯಿತು. ಇಳಿದವನು ಕೊಂಬೆಯನ್ನು ನೋಡಿದ, ಏಣಿಯ ಮೇಲಿದ್ದವರನ್ನು ನೋಡಿದ. ಮೂರು ವರ್ಷ ಕಟ್ಟಿಟ್ಟದ್ದೆಲ್ಲ ಒಂದೇ ಉಸಿರಿಗೆ ಹೊರಗೆ ಬಂತು.

"ಏನ್ ಭಾವ, ನಿಮಗೆ ತಲೆ ಸರಿ ಇದೆಯಾ? ನಮ್ಮಜ್ಜ ನೆಟ್ಟ ಮರ ಅದು! ಒಂದ್ ಮಾತು ಕೇಳೋದು ಬೇಡ್ವಾ? ನಿಮ್ಮ ಮನೇಲಿ ಯಾರಿಗೂ ಒಂದ್ ಮಾತು ಕೇಳಿ ಮಾಡೋ ಅಭ್ಯಾಸನೇ ಇಲ್ವಾ?" ಆಮೇಲೆ ನನ್ನ ಕಡೆ ತಿರುಗಿ, "ಏಣಿ ಹಿಡ್ದೋರು ನೀವಾ ರೈಟ್ರೇ! ನಾಚಿಕೆ ಆಗಲ್ವಾ?" ಎಂದ.

ಭಾವ ಏಣಿ ಇಳಿದು, ಗರಗಸವನ್ನು ಇದ್ದ ಜಾಗದಲ್ಲೇ ಇಟ್ಟು, "ತಪ್ಪಾಯ್ತು. ಮಳೆ ಬರಲಿ, ನೋಡಿ" ಎಂದರು. ಅಷ್ಟೇ. ನಾನು ತಲೆ ತಗ್ಗಿಸಿಕೊಂಡು ಗುಡ್ಡ ಹತ್ತಿ ಅಕ್ಕನಿಗೆ ವರದಿ ಒಪ್ಪಿಸಿದೆ.

"ಬೈದ್ನಾ?"

"ಬೈದ. ಚೆನ್ನಾಗೇ ಬೈದ."

"ಏನಂತ ಶುರು ಮಾಡ್ದ? ಸರಿಯಾಗಿ ಹೇಳಿ."

"ಏನ್ ಭಾವ, ತಲೆ ಸರಿ ಇದೆಯಾ ಅಂತ."

ಅವರು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. "ಇನ್ನೊಂದ್ಸಲ ಹೇಳಿ." ಹೇಳಿದೆ. "ಭಾವ ಅಂದ್ನಾ? ನೀವು ಕೊಸರು ಹಾಕ್ತಿಲ್ಲ ತಾನೇ?" ನಾನು ಹಾಗೆಲ್ಲ ಹಾಕುವವನಲ್ಲ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೂರನೆಯ ಸಲವೂ ಹೇಳಿಸಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಒಲೆಯ ಹೊಗೆ ಎಂದರು. ಅವರ ಮನೆಯಲ್ಲಿ ಇದ್ದದ್ದು ಗ್ಯಾಸ್ ಒಲೆ. ಸಂಜೆ ಕೆಳಗಿನ ಮನೆಯಿಂದ ಆರು ಎಳೆ ಹಲಸಿನಕಾಯಿ ಬಂತು, ಕಡಿದವರ ಪಾಲು ಎಂದು.

ನಾಲ್ಕು ದಿನಕ್ಕೆ ಮಳೆ ಬಂತು. ಬೆಳಿಗ್ಗೆ ನನಗೆ ತಮ್ಮನ ಫೋನೇ ಬರಲಿಲ್ಲ. ಆಮೇಲೆ ಅಕ್ಕ ಹೇಳಿದ್ದು: ಅವನು ಗೇಜು ನೋಡಿದ್ದಾನೆ, ಎಂಬತ್ತೆಂಟು. ನಂಬಿಕೆ ಬಾರದೆ ನೀರನ್ನು ಎರಡು ಸಲ ಅಳೆದಿದ್ದಾನೆ. ಆಮೇಲೆ ನೇರವಾಗಿ ಮೇಲಿನ ಮನೆಗೇ ಫೋನ್ ಮಾಡಿದ್ದಾನೆ. ಯಾರ ನಂಬರೆಂದು ನೋಡಿದ ಅಕ್ಕ ತಾವು ಎತ್ತದೆ ಫೋನನ್ನು ಗಂಡನ ಕೈಗೆ ಕೊಟ್ಟರಂತೆ. "ಭಾವ, ನಿಮ್ಮಲ್ಲಿ ಎಷ್ಟು?" ಎಂದು ಆ ಕಡೆಯಿಂದ. "ಎಂಬತ್ತೊಂಬತ್ತು" ಎಂದು ಇವರು. ಹಿಂದೆ ನಿಂತು ಅಕ್ಕ ಎರಡು ಕೈಯ ಹತ್ತೂ ಬೆರಳು ತೋರಿಸಿ, ಸೇರಿಸಿ ಸೇರಿಸಿ ಎಂದು ಸನ್ನೆ ಮಾಡಿದರೂ ಆ ಸತ್ಯಹರಿಶ್ಚಂದ್ರ ಸೇರಿಸಲಿಲ್ಲ. "ಇಂಥ ಗಂಡನ್ನ ಕಟ್ಕೊಂಡು ಎಂತ ಮಾಡೋದು ಹೇಳಿ" ಎಂದು ನನ್ನ ಹತ್ತಿರ ದೂರಿದರು. ಅಷ್ಟು ಖುಷಿಯಲ್ಲಿ ಯಾರಾದರೂ ಗಂಡನನ್ನು ದೂರಿದ್ದನ್ನು ನಾನು ಕೇಳಿಲ್ಲ. ಮುಂದಿನ ವಾರ ಅಕ್ಕ ತಮ್ಮ ಮಾತಾಡಿದರು. ಇಬ್ಬರೂ ಅತ್ತರಂತೆ. ಅದನ್ನು ಅಕ್ಕನೇ ಹೇಳಿದ್ದು, ಎಷ್ಟು ಕೊಸರೋ ಗೊತ್ತಿಲ್ಲ.

ಹೋದ ಡಿಸೆಂಬರಿನಲ್ಲಿ, ಕಾಫಿ ಕೊಯ್ಲಿನ ನಡುವೆ, ಅವರಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿಯಿತು. ನರ್ಸ್ ಆಗಿದ್ದವರು, ಡಾಕ್ಟರಿಗಿಂತ ಮೊದಲೇ ಅವರಿಗೆ ಗೊತ್ತಿದ್ದಿರಬೇಕು. ಚಿಕ್ಕಮಗಳೂರಿನ ಆಸ್ಪತ್ರೆಗೆ ನೋಡಲು ಹೋದಾಗ ಮಲಗಿದ್ದಲ್ಲಿಂದಲೇ ನನ್ನ ಮಣಿಕಟ್ಟು ಹಿಡಿದರು. ಬೆರಳಿನಲ್ಲಿ ಬಲವಿರಲಿಲ್ಲ.

"ಹೂಮಳೆ ಬಂದಾಗ ಇವರಿಗೆ ಫೋನ್ ಮಾಡಿ ರೈಟ್ರೇ. ಮರೀಬೇಡಿ."

"ನೀವೇ ಎತ್ತಿ ಹೇಳುವಿರಂತೆ, ಒಂದು ಇಂಚು ಹತ್ತು ಅಂತ" ಎಂದೆ. ಬದುಕಿನಲ್ಲಿ ಅವರೆದುರು ನಾನು ಹಾಕಿದ ಒಂದೇ ಕೊಸರು ಅದು.

"ನಂದಾಯ್ತು" ಎಂದು ಅವರು, ಕಿಟಕಿಯ ಹತ್ತಿರ ನಿಂತಿದ್ದ ಗಂಡನ ಕಡೆ ಕಣ್ಣು ತಿರುಗಿಸಿದರು. "ನೆಕ್ಸ್ಟ್ ಪೇಷೆಂಟ್ ಇವರು."

ಎಂಟು ದಿನಕ್ಕೆ ತೀರಿಕೊಂಡರು. ತಮ್ಮನೇ ನಿಂತು ಎಲ್ಲ ಮಾಡಿದ. ಕೊಯ್ಲು ಮುಗಿಯುವ ಹೊತ್ತಿಗೆ ಆಲ್ದೂರಿನ ಹೋಟೆಲಿನಲ್ಲಿ ಇದೇ ಮಾತು: "ಭಾವ ಇನ್ನೆಂತಕ್ಕೆ ಇರ್ತಾರೆ? ಅವರ ಊರಿಗೆ ಹೋಗ್ತಾರೆ." ಐರ್ಲೆಂಡಿನಿಂದ ಭಾವನ ತಂಗಿಯೂ ಬಂದುಬಿಡು ಎಂದು ಕರೆಯುತ್ತಿದ್ದಳು. ಭಾವ ಹೋಗುತ್ತೇನೆ ಎನ್ನಲಿಲ್ಲ, ಇರುತ್ತೇನೆ ಎನ್ನಲಿಲ್ಲ. ದಾರಿಯಲ್ಲಿ ಸಿಕ್ಕರೆ ತಲೆ ಆಡಿಸಿ ಹೋಗುತ್ತಿದ್ದರು. ನಾನು ಆ ದಾರಿಯಲ್ಲಿ ಹೋಗುವುದನ್ನೇ ಕಡಿಮೆ ಮಾಡಿದೆ. ಅದು ನನ್ನ ತಪ್ಪು.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಹೂಮಳೆ ಬಂತು. ಮರುದಿನ ಬೆಳಿಗ್ಗೆ ನನ್ನ ಗೇಜಿನಲ್ಲಿ ತೊಂಬತ್ತಮೂರು. ಫೋನ್ ಹಿಡಿದು ಕೂತೆ. ಭಾವ ಗೇಜೇ ನೋಡಿರದಿದ್ದರೆ ಏನು ಮಾತಾಡುವುದು? ಕೊನೆಗೆ ಮಾಡಿದೆ. ಲೈನ್ ಬಿಜಿ. ಮತ್ತೆ ಮಾಡಿದೆ, ಮತ್ತೆ ಬಿಜಿ. ಅಷ್ಟರಲ್ಲಿ ತಮ್ಮನ ಫೋನ್ ಬಂತು.

"ರೈಟ್ರೇ, ಈಗ ಭಾವಂಗೆ ಮಾಡಿದ್ದೆ. ಅವರಲ್ಲಿ ಒಂದ್ ಇಂಚು ಐದು. ನಮ್ಮಲ್ಲಿ ತೊಂಬತ್ತೈದು." ಒಂದು ಸಲ ಕೆಮ್ಮಿ, "ನಿಮ್ಮಲ್ಲಿ ಎಷ್ಟು ಅಂತ ನಾನು ಕೇಳಲ್ಲ, ಅದನ್ನ ಭಾವಂಗೇ ಹೇಳಿ" ಎಂದು ಫೋನಿಟ್ಟ.

ನನಗೆ ತಡೆಯಲಾಗಲಿಲ್ಲ. ಮೇಲೆ ಹತ್ತಿದೆ. ಗುಡ್ಡದುದ್ದಕ್ಕೂ ಹಸಿ ಮಣ್ಣಿನ ವಾಸನೆ, ಗಿಡದ ಮೊಗ್ಗುಗಳೆಲ್ಲ ಉಬ್ಬಿ ನಿಂತಿದ್ದವು. ಭಾವ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದರು. ಅಳತೆ ಗಾಜನ್ನು ತೊಳೆದು ಕವುಚಿಟ್ಟಿದ್ದರು. ಪಕ್ಕದಲ್ಲಿ ಪುಸ್ತಕ ತೆರೆದಿತ್ತು. ಅವರು ಬರೆಯುವುದು ಅವರ ದೇಶದ ಲೆಕ್ಕದಲ್ಲಿ: ಇಪ್ಪತ್ತನಾಲ್ಕು ಮಿಲಿಮೀಟರ್. ನನ್ನ ತಲೆ ತಾನಾಗಿಯೇ ಲೆಕ್ಕ ಹಾಕಿತು. ತೊಂಬತ್ತೈದು ಸೆಂಟು ಕೂಡ ಪೂರ್ತಿ ಆಗುವುದಿಲ್ಲ.

ನಾನು ಪುಸ್ತಕ ನೋಡಿದ್ದನ್ನು ಅವರು ನೋಡಿದರು. ಒಂಬತ್ತು ವರ್ಷದಲ್ಲಿ ಒಂದು ಸೆಂಟೂ ಆಚೀಚೆ ಹೇಳಿರದ ಮನುಷ್ಯನ ಮುಖ ಇನ್ನಷ್ಟು ಕೆಂಪಾಯಿತು.

"ತೊಂಬತ್ತೈದು" ಎಂದರು. ಆಮೇಲೆ ನಿಧಾನವಾಗಿ, "ಹತ್ತು... ಕೊಸರು."

ನಾನು ಪಕ್ಕದಲ್ಲಿ ಕೂತೆ. ಅವರು ಎದುರಿನ ತೋಟವನ್ನು ನೋಡುತ್ತ, "ಇನ್ನು ಇಪ್ಪತ್ತು ದಿನಕ್ಕೆ ಇನ್ನೊಂದು ಮಳೆ ಬೇಕು, ಅಲ್ವಾ ರೈಟ್ರೇ?" ಎಂದರು. ಹೌದು ಭಾವ, ಬೇಕು, ಇಲ್ಲದಿದ್ದರೆ ಕಾಯಿ ನಿಲ್ಲುವುದಿಲ್ಲ ಎಂದೆ. ಅವರು ಒಳಗೆ ಹೋಗಿ ಕಾಫಿ ತಂದರು. ಕುಡಿದು ಮುಗಿಸುತ್ತಲೇ, ಕೇಳದೆ, ಇನ್ನರ್ಧ ಲೋಟ ಸುರಿದರು.

ನಮ್ಮ ಸುತ್ತಲಿನ ತೋಟಗಳ ಮಳೆಯನ್ನು ಈಗ ಫೋನಿನ ಗ್ರೂಪಿಗೆ ಹಾಕುವವನು ನಾನೇ. ಅಲ್ಲೇ ಮೆಟ್ಟಿಲ ಮೇಲೆ ಕೂತು ಕನ್ನಡಕ ಹಾಕಿಕೊಂಡೆ. ನಮ್ಮ ತೋಟ, ತೊಂಬತ್ತಮೂರು. ಕೆಳಗಿನ ಮನೆ, ತೊಂಬತ್ತೈದು. ಮೂವತ್ತು ವರ್ಷ ರೈಟರ್ ಆಗಿದ್ದವನು ನಾನು, ಮಳೆಯಲ್ಲಿ ಸುಳ್ಳು ಬರೆದವನಲ್ಲ. ಮೇಲಿನ ಮನೆ, ಒಂದು ಇಂಚು ಐದು ಎಂದು ಬರೆದು ಕಳಿಸಿದೆ.